ಪತ್ರದಲ್ಲಿ 2 ಎಕರೆ 10 ಗುಂಟೆ, ಅಳೆದರೆ ಕಮ್ಮಿ: ತಪ್ಪು ಎಲ್ಲಿ ಸೇರಿದೆ ಅಂತ ಪತ್ತೆ ಮಾಡುವ ಬಗೆ

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರ ಕಡೆ ಜಮೀನಿನ ಕಾಗದ ಹಿಡಿದು ಬರುವವರ ದೂರು ಹೆಚ್ಚಾಗಿ ಹೀಗಿರುತ್ತದೆ: "ಕ್ರಯಪತ್ರದಲ್ಲಿ ಇಷ್ಟಿದೆ. ಸರ್ವೇಯರ್ ಅಳೆದರೆ ಇಷ್ಟೇ ಬಂತು. ಪಕ್ಕದವನು ಒತ್ತಿಕೊಂಡಿದ್ದಾನೆ." ಮೊದಲ ಎರಡು ಮಾತು ನಿಜ ಇರುತ್ತವೆ. ಮೂರನೆಯದು ಊಹೆ. ಪಕ್ಕದವನು ಒತ್ತಿರಬಹುದು, ಇಲ್ಲ ಅನ್ನಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಗುಂಟೆ ಕಳೆದುಹೋಗೋದು ಹೊಲದಲ್ಲಿ ಕಮ್ಮಿ, ಕಾಗದದಲ್ಲೇ ಜಾಸ್ತಿ. ಅದಕ್ಕೇ ಬಾಂದು ಕಲ್ಲಿನ (ಗಡಿಕಲ್ಲಿನ) ಹತ್ತಿರ ಜಗಳಕ್ಕೆ ನಿಲ್ಲುವ ಮುಂಚೆ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ.

ಬೇಕಾದ ಕಾಗದ ಇವು. ನಿಮ್ಮ ಕ್ರಯಪತ್ರ, ಅದರ ಹಿಂದಿನ ಪತ್ರ. ಆ ಸರ್ವೆ ನಂಬರಿನ ಎಲ್ಲ ಹಿಸ್ಸೆಗಳ (ಪಾಲುಗಳ) ಪಹಣಿ, ಬರೀ ನಿಮ್ಮದಲ್ಲ. ಆಕಾರ್‌ಬಂದ್, ಅಂದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಬರೆದ ಸರ್ವೆ ದಾಖಲೆ. ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಅಂದರೆ ಸರ್ವೆಯವರು ಅಳತೆ ಬರೆದಿಟ್ಟ ಹಾಳೆಗಳು. ಖರಾಬು ಉತಾರ, ಅಂದರೆ ಸಾಗುವಳಿ ಲೆಕ್ಕದಿಂದ ಬಿಟ್ಟ ಜಾಗದ ವಿವರ. ಗ್ರಾಮ ನಕ್ಷೆ. ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಅಂದರೆ ಎಂ.ಆರ್. ಪಹಣಿ ನಾಡಕಚೇರಿಯಲ್ಲೇ ಸಿಗುತ್ತದೆ. ಟಿಪ್ಪಣಿ ಮತ್ತು ಆಕಾರ್‌ಬಂದ್‌ಗೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಗೆ ಅರ್ಜಿ ಹಾಕಬೇಕು. ಹಳೇ ಹಾಳೆ ಮುರುಟಿರುತ್ತದೆ, ಜೆರಾಕ್ಸ್‌ನಲ್ಲಿ ಅಂಕಿ ಕಾಣೋದಿಲ್ಲ. ದೃಢೀಕೃತ ಪ್ರತಿಯನ್ನೇ ಕೇಳಿ ತಗೊಳ್ಳಿ.

ಇದರ ಜೊತೆ ಇನ್ನೊಂದು ಬರೆದಿಟ್ಟುಕೊಳ್ಳಿ: ಕಮ್ಮಿ ಬಂದಿರುವುದು ಸರಿಯಾಗಿ ಎಷ್ಟು? "ಸ್ವಲ್ಪ ಕಮ್ಮಿ" ಅಂದರೆ ಪ್ರಯೋಜನವಿಲ್ಲ. ಆರು ಗುಂಟೆಯಾ, ಹತ್ತಾ, ಹದಿನೈದಾ? ಎಷ್ಟೋ ಸಲ ಆ ಅಂಕಿಯೇ ತಪ್ಪಿನ ಜಾಗ ತೋರಿಸಿಬಿಡುತ್ತದೆ.

ಚುಕ್ಕೆ ಮಾಡುವ ಅವಾಂತರ

ಸುಲಭದ್ದನ್ನು ಮೊದಲು ನೋಡೋಣ. ಪಹಣಿಯಲ್ಲಿ 2-10 ಅಂತಲೋ 2.10 ಅಂತಲೋ ಇದ್ದರೆ ಅದು 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ. ನಮ್ಮ ಕಡೆಯ ತೊಂದರೆ ಏನಂದರೆ ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಪಾವಗಡ ಎಲ್ಲ ಆಂಧ್ರದ ಗಡಿಗೆ ಅಂಟಿಕೊಂಡಿವೆ. ಆ ಕಡೆ ಎಕರೆ-ಸೆಂಟ್ ಲೆಕ್ಕ. ಎಕರೆಗೆ 100 ಸೆಂಟ್, ಒಂದು ಗುಂಟೆಗೆ ಎರಡೂವರೆ ಸೆಂಟ್. ಆ ಕಡೆಯಿಂದ ಕೊಳ್ಳಲು ಬಂದವರು 2.10 ನೋಡಿ 2 ಎಕರೆ 10 ಸೆಂಟ್ ಅಂದುಕೊಳ್ಳುತ್ತಾರೆ. 10 ಸೆಂಟ್ ಅಂದರೆ ಬರೀ 4 ಗುಂಟೆ. ಕ್ಯಾಲ್ಕುಲೇಟರ್ ಹಿಡಿದು 2.10ನ್ನು ಎಕರೆಯ 43,560 ಚದರಡಿಯಿಂದ ಗುಣಿಸುವವರೂ ಇದನ್ನೇ ಮಾಡುತ್ತಾರೆ. ಹಾಗಾಗಿ ವ್ಯತ್ಯಾಸ ಸರಿಯಾಗಿ 6 ಗುಂಟೆ ಬಂದಿದ್ದರೆ ಮೊದಲು ಇಲ್ಲಿ ಅನುಮಾನಪಡಿ.

ಉಲ್ಟಾ ತಪ್ಪೂ ಆಗುತ್ತದೆ. ಯಾರೋ ಎರಡೂಕಾಲು ಎಕರೆಯನ್ನು 2.25 ಅಂತ ಚೀಟಿಯಲ್ಲಿ ಬರೆದುಕೊಡುತ್ತಾರೆ. ಪತ್ರ ಬರೆಯುವವರು ಅದನ್ನು "ಎರಡು ಎಕರೆ ಇಪ್ಪತ್ತೈದು ಗುಂಟೆ" ಅಂತ ಅಕ್ಷರದಲ್ಲಿ ಇಳಿಸುತ್ತಾರೆ. 15 ಗುಂಟೆ ಸುಮ್ನೆ ಹುಟ್ಟಿಕೊಂಡಿತು! ಒಂದು ಸಣ್ಣ ಪರೀಕ್ಷೆ: ಚುಕ್ಕೆಯ ಮುಂದಿನ ಅಂಕಿ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಗುಂಟೆ ಅಲ್ಲವೇ ಅಲ್ಲ. ಗುಂಟೆಯ ಲೆಕ್ಕ 39 ದಾಟಿದರೆ ಎಕರೆ ಆಗಿಬಿಡುತ್ತದಲ್ವಾ.

ಎಲ್ಲರ ಪಹಣಿ ಕೂಡಿ ನೋಡಿ

ಇದು ಮುಖ್ಯವಾದ ಪರೀಕ್ಷೆ, ಜನ ಮಾಡದೇ ಬಿಡುವ ಪರೀಕ್ಷೆಯೂ ಇದೇ. ಲೆಕ್ಕಕ್ಕೆ ಅಂತ ಒಂದು ಸರ್ವೆ ನಂಬರ್ ಕಟ್ಟಿಕೊಳ್ಳೋಣ, 47 ಅಂತಿರಲಿ. ಆಕಾರ್‌ಬಂದ್ ಪ್ರಕಾರ ಒಟ್ಟು 9 ಎಕರೆ 20 ಗುಂಟೆ. ಅದರಲ್ಲಿ ಹಳ್ಳಕ್ಕೆ ಹೋದ 'ಬಿ' ಖರಾಬು 15 ಗುಂಟೆ, ಬಂಡೆಯ 'ಎ' ಖರಾಬು 5 ಗುಂಟೆ. ಉಳಿದ ಸಾಗುವಳಿ ಜಮೀನು 9 ಎಕರೆ. ಈಗ ನಾಲ್ಕು ಹಿಸ್ಸೆಗಳ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಹೆಸರಿನ ಎದುರಿಗೆ ಇರುವ ವಿಸ್ತೀರ್ಣ ಕೂಡಿ. 47/1ಕ್ಕೆ 3-00, 47/2ಕ್ಕೆ 2-10, 47/3ಕ್ಕೆ 2-00, 47/4ಕ್ಕೆ 2-00. ಒಟ್ಟು 9-10.

ಇರುವುದು 9 ಎಕರೆ, ಪಹಣಿಗಳು ಹೇಳುತ್ತಿರುವುದು 9 ಎಕರೆ 10 ಗುಂಟೆ. ಆ 10 ಗುಂಟೆ ಭೂಮಿಯ ಮೇಲೆ ಇಲ್ಲ. ಯಾವ ಸರ್ವೇಯರ್ ಬಂದರೂ ಅದನ್ನು ಹುಡುಕಿಕೊಡಲು ಆಗಲ್ಲ. ಪಕ್ಕದವನ ಮೇಲೆ ಕೇಸು ಹಾಕಿದರೂ ಬರಲ್ಲ.

ಕೂಡಿದ ಮೊತ್ತ ಆಕಾರ್‌ಬಂದ್‌ನ ಸಾಗುವಳಿ ವಿಸ್ತೀರ್ಣಕ್ಕೆ ಸರಿಹೋದರೆ ಕಾಗದ ಪಾಸ್ ಅಂತ ತಿಳಿದು ಹೊಲದ ಕಡೆ ಹೊರಡಿ. ಜಾಸ್ತಿ ಬಂದರೆ ಹೊಲಕ್ಕೆ ಹೋಗಬೇಡಿ, ರೆಕಾರ್ಡ್ ರೂಮಿಗೆ ಹೋಗಿ. ಅಲ್ಲಿ ನೋಡಬೇಕಾದ್ದು ಆ ಹತ್ತು ಗುಂಟೆ ಯಾವ ವರ್ಷದ ಪಹಣಿಯಲ್ಲಿ ಮೊದಲ ಸಲ ಕಾಣಿಸಿಕೊಂಡಿತು ಅನ್ನೋದು. 'ಭೂಮಿ' ತಂತ್ರಾಂಶ ಬಂದದ್ದು 2000ದ ಸುಮಾರಿಗೆ. ಅದಕ್ಕೂ ಹಿಂದಿನದು ಕೈಬರಹದ ಪಹಣಿ. ಕೈಬರಹದಲ್ಲಿ 2-00 ಇದ್ದು ಕಂಪ್ಯೂಟರ್ ಪಹಣಿಯಲ್ಲಿ 2-10 ಆಗಿದ್ದರೆ ಅದು ಎಂಟ್ರಿ ಮಾಡುವಾಗ ಆದ ತಪ್ಪು. ಕೈಬರಹದಲ್ಲೇ ಬದಲಾಗಿದ್ದರೆ ಆ ವರ್ಷದ ಎಂ.ಆರ್. ನಂಬರ್ ಹಿಡಿದು ಹಿಂದಕ್ಕೆ ಹೋಗಿ. ಅಲ್ಲಿ ಭಾಗಪತ್ರವೋ, ಪೌತಿ ಖಾತೆಯೋ (ತೀರಿಕೊಂಡವರ ಹೆಸರಿಂದ ವಾರಸುದಾರರಿಗೆ ಆದ ಖಾತೆ), ಕ್ರಯವೋ ಸಿಗುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಖರಾಬನ್ನೂ ಸೇರಿಸಿ ಹಂಚಿಕೊಂಡಿರುತ್ತಾರೆ. ಅಥವಾ ಒಬ್ಬನಿಗೆ ಜಾಸ್ತಿ ಬರೆದು ಇನ್ನೊಬ್ಬನದನ್ನು ಇಳಿಸುವುದನ್ನೇ ಮರೆತಿರುತ್ತಾರೆ.

ಹಿಸ್ಸೆಯೇ ಆಗಿಲ್ಲ, ಪಹಣಿಯಲ್ಲಿ "47 ಪೈಕಿ" ಅಂತಲೋ ಪಿ1, ಪಿ2 ಅಂತಲೋ ಇದೆ ಅಂದರೆ ಕಥೆ ಬೇರೆ. ಗೋಮಾಳದಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ, ಮಂಜೂರಾದ ಜಮೀನುಗಳಲ್ಲಿ ಇದು ಮಾಮೂಲು. ಅಲ್ಲಿ ನಿಮ್ಮ ಜಾಗ ಯಾವುದು ಅಂತ ನಕ್ಷೆಯೇ ಹೇಳಿಲ್ಲ. ಪೋಡಿ (ಅಳೆದು ಭಾಗ ಮಾಡಿ ಬೇರೆ ನಂಬರ್ ಕೊಡೋದು) ಆಗುವ ತನಕ "ಕಮ್ಮಿ ಬಂತು" ಅನ್ನುವ ಮಾತಿಗೇ ಅರ್ಥವಿಲ್ಲ, ಯಾವುದರಲ್ಲಿ ಕಮ್ಮಿ? ಮಂಜೂರಾದ ಒಟ್ಟು ವಿಸ್ತೀರ್ಣ ಸರ್ವೆ ನಂಬರಿನಲ್ಲಿ ಇರುವುದಕ್ಕಿಂತ ಜಾಸ್ತಿಯಾಗಿದ್ದರೆ ಪೋಡಿಯೂ ಅಲ್ಲೇ ನಿಂತುಹೋಗುತ್ತದೆ. ಅಂಥ ಜಮೀನಿಗೆ ಮುಂಗಡ ಕೊಡುವ ಮುಂಚೆ ಮಂಜೂರಾತಿ ಕಡತ ಇದೆಯಾ ಅಂತ ಕೇಳಿ.

ಖರಾಬು ಯಾರದ್ದು?

ವ್ಯತ್ಯಾಸ 15 ಗುಂಟೆ ಬಂದಿದ್ದರೆ ನಮ್ಮ ಉದಾಹರಣೆಯಲ್ಲಿ ಒಂದೇ ನೋಟಕ್ಕೆ ಹೇಳಬಹುದು: ಹಳ್ಳ. 'ಬಿ' ಖರಾಬು ಅಂದರೆ ಹಳ್ಳ, ಕಾಲುವೆ, ಬಂಡಿದಾರಿ, ಸ್ಮಶಾನ ಇಂಥ ಸಾರ್ವಜನಿಕ ಉಪಯೋಗದ್ದು. ಅದು ಸರ್ಕಾರದ್ದು, ಮಾರೋಕೆ ಬರಲ್ಲ. 'ಎ' ಖರಾಬು ಬಂಡೆ, ಕಣ ಇತ್ಯಾದಿ. ಸಾಗುವಳಿಗೆ ಬಾರದ್ದು ಅಂತ ಕಂದಾಯ ಬಿಟ್ಟಿದ್ದಾರೆ ಅಷ್ಟೇ, ಸಾಮಾನ್ಯವಾಗಿ ಜಮೀನಿನ ಜೊತೆಗೇ ಹೋಗುತ್ತದೆ. ಪತ್ರ ಬರೆಸುವಾಗ "ಖರಾಬು ಸೇರಿ" ಅಂತ ಒಂದು ಪದ ಹಾಕಿ ಎರಡನ್ನೂ ಕಲಸಿಬಿಡುತ್ತಾರೆ. ಅದು ಎ ಖರಾಬೋ ಬಿ ಖರಾಬೋ, ಯಾವ ಹಿಸ್ಸೆಯಲ್ಲಿ ಎಷ್ಟಿದೆ ಅನ್ನುವುದಕ್ಕೆ ಖರಾಬು ಉತಾರ ನೋಡಿ. ನೀರು ಹರಿದು ಎಷ್ಟೋ ವರ್ಷ ಆಗಿ, ಹಳ್ಳ ಮುಚ್ಚಿ, ಅದರ ಮೇಲೆ ಹಿಪ್ಪುನೇರಳೆ ನೆಟ್ಟಿದ್ದರೂ ದಾಖಲೆಯಲ್ಲಿ ಅದು ಹಳ್ಳವೇ.

ಟಿಪ್ಪಣಿ ಓದೋದು

ಟಿಪ್ಪಣಿ ಅಂದ ಕೂಡಲೇ ಜನ ಸರ್ವೇಯರ್ ಮುಖ ನೋಡುತ್ತಾರೆ. ಅಷ್ಟೇನೂ ಕಷ್ಟ ಇಲ್ಲ. ನಮ್ಮ ಹಳೇ ಅಳತೆ 33 ಅಡಿಯ ಸರಪಳಿಯಲ್ಲಿ ಆದದ್ದು. ಒಂದು ಸರಪಳಿಗೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ 1089 ಚದರಡಿ, ಅಂದರೆ ಸರಿಯಾಗಿ ಒಂದು ಗುಂಟೆ. ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರವಾಗಿ ಗುಂಟೆ ಬರುತ್ತದೆ. ಲೆಕ್ಕ ಹಾಕಿದವರು ಜಾಣರು.

47/2ರ ಹಿಸ್ಸಾ ಟಿಪ್ಪಣಿಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಬೇಸ್ ಲೈನ್ ಎಳೆದಿದ್ದಾರೆ, 16 ಸರಪಳಿ. ಅದರಿಂದ ಎಡಗಡೆ ಮೂಲೆಗೆ ಲಂಬವಾಗಿ ಆಫ್‌ಸೆಟ್ 6 ಸರಪಳಿ, ಬಲಗಡೆಗೆ 4. ಎರಡು ತ್ರಿಕೋನ ಆಯಿತು. ಎಡಗಡೆಯದು 16 × 6 ÷ 2 = 48 ಗುಂಟೆ. ಬಲಗಡೆಯದು 16 × 4 ÷ 2 = 32. ಒಟ್ಟು 80 ಗುಂಟೆ, ಅಂದರೆ 2 ಎಕರೆ. ಹಿಸ್ಸೆ ಮಾಡಿದ ದಿನವೇ ಈ ಜಮೀನು 2-00 ಇತ್ತು. 2-10 ಯಾವತ್ತೂ ಇರಲಿಲ್ಲ. ಮೇಲಿನ ಕೂಡಿಕೆಯ ಪರೀಕ್ಷೆ ಹೇಳಿದ್ದನ್ನೇ ಟಿಪ್ಪಣಿಯೂ ಹೇಳುತ್ತಿದೆ. ಎರಡು ಕಾಗದ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬೆರಳು ತೋರಿಸಿದರೆ ಅಲ್ಲಿಗೆ ಹುಡುಕಾಟ ಮುಗಿಯಿತು ಅಂತ ನಾನು ತಗೊಳ್ಳುತ್ತೇನೆ.

ಇಲ್ಲೂ ಒಂದು ಚುಕ್ಕೆಯ ಗುಂಡಿ ಇದೆ. 6 ಸರಪಳಿ 8 ಆಣೆಯನ್ನು 6-8 ಅಂತ ಬರೆದಿರುತ್ತಾರೆ. 8 ಆಣೆ ಅಂದರೆ ಅರ್ಧ, ಅಂದರೆ 6.5 ಸರಪಳಿ, 214 ಅಡಿ 6 ಇಂಚು. ಅದನ್ನೇ ಈಗಿನ ಹುಡುಗರು 6.8 ಅಂತ ಸಾಫ್ಟ್‌ವೇರ್‌ಗೆ ಹಾಕಿದರೆ 224 ಅಡಿ ದಾಟುತ್ತದೆ. ನೆಲದ ಮೇಲೆ ಹತ್ತು ಅಡಿ ಆಚೆ ಕಲ್ಲು ಬೀಳುತ್ತದೆ. ಹತ್ತು ಅಡಿಗೆ ನಮ್ಮೂರುಗಳಲ್ಲಿ ಎರಡು ತಲೆಮಾರು ಮಾತು ಬಿಟ್ಟವರಿದ್ದಾರೆ. ಹೊಸ ನಕ್ಷೆಯ ಅಡಿ ಅಥವಾ ಮೀಟರ್ ಅಳತೆಯನ್ನು ಹಳೇ ಟಿಪ್ಪಣಿಯ ಸರಪಳಿ-ಆಣೆಯ ಜೊತೆ ಒಂದೊಂದೇ ಗೆರೆ ತಾಳೆ ನೋಡಿ.

ಚಕ್ಕುಬಂದಿ ತಿರುಗಿದೆಯಾ?

ವಿಸ್ತೀರ್ಣ ಸರಿಯಿದೆ, ಆದರೆ ಜಾಗವೇ ಬೇರೆ ಅನ್ನಿಸುತ್ತಿದೆ. ಇದಕ್ಕೆ ಕಾರಣ ಹೆಚ್ಚಾಗಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ಜಮೀನಿದೆ ಅಂತ ಪತ್ರದಲ್ಲಿ ಬರೆದ ಗಡಿ ವಿವರ. 1970ರ ಪತ್ರದ ಚಕ್ಕುಬಂದಿಯನ್ನು ಅಕ್ಷರ ಬಿಡದೆ ಈಗಿನ ಪತ್ರಕ್ಕೂ ಇಳಿಸಿರುತ್ತಾರೆ. ಅದರಲ್ಲಿರುವ ನಾಲ್ಕು ಹೆಸರಲ್ಲಿ ಒಬ್ಬರೂ ಈಗ ಬದುಕಿಲ್ಲ, ಜಮೀನು ಮೂರು ಕೈ ಬದಲಾಗಿದೆ. ಇನ್ನು ಕೆಲವು ಕಡೆ ನಾಲ್ಕೂ ದಿಕ್ಕು ಒಂದೊಂದು ಮನೆ ಮುಂದಕ್ಕೆ ಸರಿದಿರುತ್ತವೆ: ಪೂರ್ವದ್ದು ದಕ್ಷಿಣಕ್ಕೆ, ದಕ್ಷಿಣದ್ದು ಪಶ್ಚಿಮಕ್ಕೆ.

ಪರೀಕ್ಷೆ ಹೀಗೆ. ನಿಮ್ಮ ಪತ್ರ ಒಂದನ್ನೇ ಓದಬೇಡಿ, ನಾಲ್ಕೂ ಕಡೆಯವರ ಪತ್ರ ಕೇಳಿ ನೋಡಿ. ನಿಮ್ಮ ಪೂರ್ವಕ್ಕೆ ಅವರಿದ್ದರೆ ಅವರ ಪಶ್ಚಿಮಕ್ಕೆ ನೀವಿರಬೇಕು. ಒಂದು ಕಡೆ ತಪ್ಪಿದ್ದರೆ ಹೆಸರು ಹಳೆಯದಿರಬಹುದು. ನಾಲ್ಕೂ ಕಡೆ ಒಂದೇ ಥರ ತಿರುಗಿದ್ದರೆ ಬರೆದವರ ಕೈಯಲ್ಲಿ ದಿಕ್ಕು ತಿರುಗಿದೆ. ಕಳೆದ ವರ್ಷ ಒಂದು ಹೊಲದಲ್ಲಿ ಪತ್ರ ಓದುತ್ತಿದ್ದಾಗ ಪಕ್ಕದ ಜಮೀನಿನ ಯಜಮಾನರು ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಾ ಹೇಳಿದರು: "ಏನಣ್ಣಾ, ನಿಮ್ಮ ಪಶ್ಚಿಮಕ್ಕೆ ನಾನು ಅಂತ ಓದ್ತಿದ್ದೀರಲ್ಲ. ನಾನಿರೋದು ದಕ್ಷಿಣಕ್ಕಲ್ವಾ? ಸೂರ್ಯ ಮುಳುಗೋದು ಆ ಹುಣಸೆಮರದ ಹಿಂದೆ." ಗ್ರಾಮ ನಕ್ಷೆ ತೆಗೆದು ನೋಡಿದರೆ ಅವರ ಮಾತೇ ಸರಿ. ಮೂರು ಪತ್ರಗಳಿಂದ ಅದೇ ತಪ್ಪು ನಕಲಾಗುತ್ತಾ ಬಂದಿತ್ತು.

ಪತ್ರದಲ್ಲಿ "ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು" ಅಂತ ಇದೆ, ಇದು ತಪ್ಪಾ ಅಂತ ಕೇಳುವವರೂ ಇದ್ದಾರೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕಿಂತ ಹಿಂದಿನ ಪತ್ರದಲ್ಲಿ ಕೋಲಾರ ಅಂತ ಇರಲೇಬೇಕು. ಅದಕ್ಕೆ ತಿದ್ದುಪಡಿ ಬೇಡ, ಹೊಸ ಪತ್ರದಲ್ಲಿ ಹೊಸ ಹೆಸರು ಬರೆದರೆ ಸಾಕು.

ವಿಸ್ತೀರ್ಣ ಒಂದು ಹೇಳಿ ಚಕ್ಕುಬಂದಿ ಇನ್ನೊಂದು ಹೇಳಿದರೆ ಯಾವುದು ನಿಲ್ಲುತ್ತದೆ? ಗಡಿ ಸ್ಪಷ್ಟವಾಗಿದ್ದು, ನೆಲದ ಮೇಲೆ ಗುರುತಿಸಲು ಆಗುವಂತಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಗಡಿಗೇ ತೂಕ ಕೊಡುತ್ತವೆ. ಆದರೆ ಗುಂಟೆಗೆ ಇಷ್ಟು ಅಂತ ರೇಟು ಮಾತಾಡಿ ಕೊಂಡಿದ್ದರೆ ವಿಸ್ತೀರ್ಣವೂ ಒಪ್ಪಂದದ ಭಾಗ. ಅದಕ್ಕೇ ಇದನ್ನೊಂದು ಸೂತ್ರ ಅಂತ ಹಿಡಿದುಕೊಂಡು ಕೂರಬೇಡಿ, ವಕೀಲರಿಗೆ ಪತ್ರ ತೋರಿಸಿ.

ಕಾಗದ ಎಲ್ಲ ಸರಿ, ಈಗ ಹೊಲಕ್ಕೆ

ಕಾಗದದಲ್ಲಿ ತಪ್ಪಿಲ್ಲ ಅಂತ ಖಾತ್ರಿಯಾದ ಮೇಲೆ ಹದ್ದುಬಸ್ತಿಗೆ, ಅಂದರೆ ಸರ್ವೇಯರ್ ಬಂದು ಗಡಿ ಗುರುತಿಸೋದಕ್ಕೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಲೇಬೇಕು. ನೋಟಿಸ್ ಇಲ್ಲದೆ ಮಾಡಿದ ಅಳತೆ ಮುಂದೆ ನಿಲ್ಲೋದು ಕಷ್ಟ. ನವೆಂಬರ್ ಮುಂಚೆ ರಾಗಿ ಹೊಲದಲ್ಲಿ ಬದು ಕಾಣಲ್ಲ, ಕಟಾವು ಆದ ಮೇಲೆ ಕರೆಸಿದರೆ ಒಳ್ಳೆಯದು. ಶ್ರೀನಿವಾಸಪುರದ ಮಾವಿನ ತೋಟ, ತಿಪಟೂರಿನ ತೆಂಗಿನ ತೋಟದಲ್ಲಿ ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ ರೋವರ್‌ಗೆ ಎಲೆಯೇ ಅಡ್ಡ. ಅಲ್ಲಿ ಟೋಟಲ್ ಸ್ಟೇಷನ್ (ಉಪಗ್ರಹದ ಸಿಗ್ನಲ್ ಬೇಕಿಲ್ಲದ ಅಳತೆ ಯಂತ್ರ) ತರಲು ಕೇಳಿ.

ಸರ್ವೇಯರ್ ಬಂದಾಗ ಗಮನಿಸಬೇಕಾದ್ದು ಮುಖ್ಯವಾಗಿ ಒಂದೇ: ಅವರು ಅಳತೆ ಶುರು ಮಾಡಿದ ಕಲ್ಲು ಯಾವುದು? ಟಿಪ್ಪಣಿಯಲ್ಲಿರುವ ಬಾಂದು ಕಲ್ಲಾ, ಇಲ್ಲ ಯಾರೋ ಬೇಲಿ ಹಾಕುವಾಗ ನಿಲ್ಲಿಸಿದ ಕಂಬವಾ? ಶುರುವಿನ ಕಲ್ಲು ಐದು ಅಡಿ ಜರುಗಿದ್ದರೆ ಇಡೀ ಜಮೀನು ಐದು ಅಡಿ ಜರುಗುತ್ತದೆ. ವಿಸ್ತೀರ್ಣ ಮಾತ್ರ ಸರಿಯಾಗೇ ಬರುತ್ತದೆ! ಒಂದು ಕಡೆ ನೀವು ಪಕ್ಕದವರಲ್ಲಿ, ಇನ್ನೊಂದು ಕಡೆ ಪಕ್ಕದವರು ನಿಮ್ಮಲ್ಲಿ ಸೇರಿರುತ್ತೀರಿ. ಹೀಗಾಗಿದ್ದರೆ ಲಕ್ಷಣ ಸುಲಭ, ಒಂದು ಬದಿಯಲ್ಲಿ ಎಷ್ಟು ಕಮ್ಮಿಯೋ ಎದುರು ಬದಿಯಲ್ಲಿ ಅಷ್ಟೇ ಜಾಸ್ತಿ. ಮೂರು ಊರಿನ ಗಡಿ ಸೇರುವ ಟ್ರೈಜಂಕ್ಷನ್ ಕಲ್ಲೋ, ಅಥವಾ ದೂರದ ಎರಡು ಮೂರು ಹಳೇ ಕಲ್ಲೋ ಹಿಡಿದು ತಾಳೆ ನೋಡಲು ವಿನಂತಿಸಿ. ಹಳೇ ಕತ್ತಾಳೆ ಬೇಲಿ, ಬದು ಇವು ಸಾಕ್ಷಿ ಆಗಬಹುದು, ಆದರೆ ಅಳತೆ ಆಗಲ್ಲ.

ಗುಡಿಬಂಡೆ, ನಂದಿ, ಮಧುಗಿರಿ ಕಡೆ ಇಳಿಜಾರು ಜಮೀನು ಜಾಸ್ತಿ. ಟೇಪನ್ನು ನೆಲಕ್ಕೆ ಅಂಟಿಸಿ ಎಳೆದರೆ ಉದ್ದ ಜಾಸ್ತಿ ಬರುತ್ತದೆ. ಕಾನೂನಿನ ಅಳತೆ ಸಮತಟ್ಟಾಗಿ ಹಿಡಿದದ್ದು. 100 ಅಡಿಗೆ 20 ಅಡಿ ಏರುವ ಕಡೆ ಟೇಪಿನ 100 ಅಡಿ ಅಂದರೆ ನಿಜವಾಗಿ 98 ಅಡಿ. ಎರಡು ಎಕರೆಗೆ ಒಂದೂವರೆ ಗುಂಟೆ ಹೀಗೇ ಮಾಯ. ನೀವೇ ಟೇಪ್ ಹಿಡಿದು ಅಳೆದು "ಸರ್ವೇಯರ್ ಕಮ್ಮಿ ತೋರಿಸಿದ" ಅನ್ನುವ ಮುಂಚೆ ಇದನ್ನು ಯೋಚಿಸಿ. ದಿಶಾಂಕ್ ಆಪ್ ಕೂಡ ಅಷ್ಟೇ: ನಿಂತಿರುವ ಸರ್ವೆ ನಂಬರ್ ಯಾವುದು ಅಂತ ತಿಳಿಯೋಕೆ ಚೆನ್ನಾಗಿದೆ, ಮೊಬೈಲಿನ ಜಿಪಿಎಸ್ ಹಿಡಿದು ಬದು ತೀರ್ಮಾನ ಮಾಡೋಕೆ ಆಗಲ್ಲ.

ಸೈಟುಗಳದ್ದು ಬೇಗ ಮುಗಿಯುತ್ತದೆ. 30×40 ಸೈಟಿಗೆ ಎರಡೂ ಕರ್ಣ 50 ಅಡಿ ಬರಬೇಕು. ಒಂದು 54, ಇನ್ನೊಂದು 46ರ ಹತ್ತಿರ ಬಂದರೆ ಸೈಟು ವಾಲಿದೆ. ನಷ್ಟ 18 ಚದರಡಿಯಷ್ಟೇ, ಆದರೆ ಪಾಯ ಹಾಕುವಾಗ ಮೂಲೆ ಪಕ್ಕದ ಸೈಟಿಗೆ ಹೋಗುತ್ತದೆ. ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣದ ಅಡಿ ಅದಲುಬದಲಾಗಿದೆಯಾ ಅಂತಲೂ ನೋಡಿ.

ಯಾವ ತಪ್ಪಿಗೆ ಯಾವ ಬಾಗಿಲು

ಪತ್ರ ಬರೆಯುವಾಗ ಆದ ತಪ್ಪಿಗೆ, ಉದಾಹರಣೆಗೆ ದಿಕ್ಕು ತಿರುಗಿದ್ದು, ಸರ್ವೆ ನಂಬರ್ ಅಂಕಿ ತಪ್ಪಿದ್ದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿದ್ದುಪಡಿ ಪತ್ರ. ಮಾರಿದವರೂ ಸಹಿ ಹಾಕಬೇಕು, ಅವರು ತೀರಿಕೊಂಡಿದ್ದರೆ ವಾರಸುದಾರರು. ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಲ್ಲಿ ಸಿವಿಲ್ ಕೋರ್ಟು. ಒಂದು ನೆನಪಿರಲಿ: ತಿದ್ದುಪಡಿ ಪತ್ರದಲ್ಲಿ ಹೊಸ ಜಮೀನು ಸೇರಿಸೋಕೆ ಬರಲ್ಲ. 2-00 ಇದ್ದದ್ದನ್ನು 2-10 ಮಾಡೋದು ತಿದ್ದುಪಡಿ ಅಲ್ಲ, ಇನ್ನೊಂದು ಮಾರಾಟ.

ಪಹಣಿ ಎಂಟ್ರಿಯ ತಪ್ಪಿಗೆ ಹಳೇ ಕೈಬರಹದ ಪಹಣಿ, ಆಕಾರ್‌ಬಂದ್ ಎರಡನ್ನೂ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ. ಮ್ಯುಟೇಷನ್ನೇ ತಪ್ಪು ಅಂತಾದರೆ ಭೂ ಕಂದಾಯ ಕಾಯ್ದೆಯ 136(2)ರಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ. ಅಳತೆಯೇ ಸರಿಯಿಲ್ಲ ಅನ್ನಿಸಿದರೆ ಮಹಜರಿಗೆ ಸಹಿ ಹಾಕುವಾಗಲೇ ತಕರಾರು ಬರೆಯಿರಿ, ಆಮೇಲೆ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ (ಎಡಿಎಲ್‌ಆರ್) ಕೊಡಿ. ನಿಜವಾಗಿ ಒತ್ತುವರಿ ಇದೆ ಅಂತ ಅಳತೆಯಲ್ಲೇ ಬಂದರೆ ಸಿವಿಲ್ ದಾವೆ, ಕೋರ್ಟ್ ಕಮಿಷನರ್ ಅಳತೆ. ಖಾಸಗಿ ಜಮೀನಿನಲ್ಲಿ 12 ವರ್ಷ ಸುಮ್ನೆ ಕೂತರೆ ಪ್ರತಿಕೂಲ ಸ್ವಾಧೀನದ ವಾದ, ಅಂದರೆ ಇಷ್ಟು ವರ್ಷ ನನ್ನ ವಶದಲ್ಲಿದೆ, ಈಗ ನನ್ನದೇ ಅನ್ನುವ ವಾದ, ಎದ್ದುಬರುತ್ತದೆ. ಹಾಗಂತ ರಾತ್ರಿ ಹೋಗಿ ಕಲ್ಲು ಕೀಳಬೇಡಿ. ಗಡಿಕಲ್ಲು ಕೀಳೋದು ಅಪರಾಧ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಪರವಾಗಿದ್ದ ಸಾಕ್ಷಿಯನ್ನು ನೀವೇ ಕಿತ್ತ ಹಾಗಾಗುತ್ತದೆ.

ಇನ್ನೂ ಕೊಳ್ಳುವ ಹಂತದಲ್ಲಿದ್ದರೆ ಕೆಲಸ ಅರ್ಧ. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಹೇಗಿದ್ದರೂ ಬೇಕು. ನೋಂದಣಿಯ ಹಿಂದಿನ ದಿನ ಅಲ್ಲ, ಮುಂಗಡ ಕೊಡುವ ಮುಂಚೆಯೇ ಅದನ್ನು ಮಾಡಿಸಿ. ಷೆಡ್ಯೂಲಿನಲ್ಲಿ ವಿಸ್ತೀರ್ಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಖರಾಬನ್ನು ಎ, ಬಿ ಅಂತ ಬೇರೆ ಸಾಲಿನಲ್ಲಿ ಹಾಕಿಸಿ, ಚಕ್ಕುಬಂದಿಯಲ್ಲಿ ಹೆಸರಿನ ಜೊತೆ ಪಕ್ಕದ ಸರ್ವೆ ನಂಬರನ್ನೂ ಸೇರಿಸಿ. ಯಜಮಾನರು ಬದಲಾಗುತ್ತಾರೆ, ಸರ್ವೆ ನಂಬರ್ ಅಷ್ಟು ಸುಲಭಕ್ಕೆ ಬದಲಾಗಲ್ಲ. ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಿ ಎರಡೂ ಕಡೆಯವರಿಂದ ಅದರ ಮೇಲೂ ಸಹಿ ಹಾಕಿಸಿಕೊಳ್ಳಿ.